ಕೂಟಶಾಸನವೂ ಕೂಟಪ್ರಕಾಶನವೂ

ಕಾವೇರಿಯ ತೀರದ ತಲಕಾಡು ಗಂಗ ಅರಸರ ರಾಜಧಾನಿಯಾಗಿದ್ದ ಕಾಲದಿಂದಲೂ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆ ಬರಹದ ಬೆಲೆಯನ್ನು ಬಲ್ಲ ನಾಡು. ದಾನ ಕೊಟ್ಟವನ ಹೆಸರು, ಪಡೆದವನ ಹೆಸರು, ಭೂಮಿಯ ಎಲ್ಲೆ, ಸಾಕ್ಷಿಗಳು, ತಿಥಿ ಇವೆಲ್ಲವನ್ನೂ ಕಲ್ಲಿನ ಮೇಲೆ, ತಾಮ್ರದ ಹಲಗೆಗಳ ಮೇಲೆ ಕೊರೆಸಿಡುವುದು ಈ ನಾಡಿನ ಹಿರಿಯರ ಪದ್ಧತಿ. ಬರಹಕ್ಕೆ ಇಂಥ ಬೆಲೆ ಇದ್ದುದರಿಂದಲೇ ಸುಳ್ಳು ಬರಹವೂ ಹುಟ್ಟಿಕೊಂಡಿತು. ಇಲ್ಲದ ದಾನವನ್ನು ಇದೆಯೆಂದು ತೋರಿಸಲು ಹಳೆಯ ಅರಸರ ಹೆಸರಿನಲ್ಲಿ ಹೊಸದಾಗಿ ಬರೆಸಿದ ತಾಮ್ರಪಟಗಳನ್ನು ವಿದ್ವಾಂಸರು ಕೂಟಶಾಸನಗಳೆಂದು ಕರೆಯುತ್ತಾರೆ.

ಗಂಗರ ಹೆಸರಿನಲ್ಲಿ ದೊರೆತ ತಾಮ್ರಪಟಗಳ ವಿಷಯದಲ್ಲಿ ಈ ಪ್ರಶ್ನೆ ದೀರ್ಘಕಾಲ ಚರ್ಚೆಗೆ ಒಳಗಾಯಿತು. ಜೆ. ಎಫ್. ಫ್ಲೀಟ್ ಅವುಗಳಲ್ಲಿ ಹಲವನ್ನು ಕೂಟವೆಂದು ತಳ್ಳಿಹಾಕಿದರೆ, ಬಿ. ಎಲ್. ರೈಸ್ ಅವುಗಳ ಪರವಾಗಿ ವಾದಿಸಿದರು. ಚರ್ಚೆಗೆ ಗುರಿಯಾದವುಗಳಲ್ಲಿ ಮಡಿಕೇರಿಯ ತಾಮ್ರಪಟಗಳು ಪ್ರಸಿದ್ಧವಾದವು. ಇಂದಿನ ಚಾಮರಾಜನಗರ ತಾಲ್ಲೂಕಿಗೆ ಸೇರಿದ ಬದನೆಗುಪ್ಪೆಯನ್ನು ತಲವನನಗರದ, ಎಂದರೆ ತಲಕಾಡಿನ, ಶ್ರೀವಿಜಯ ಜಿನಾಲಯಕ್ಕೆ ಬಿಟ್ಟುಕೊಟ್ಟ ಸಂಗತಿ ಅವುಗಳಲ್ಲಿದೆ. ಅಲ್ಲಿ ಹೇಳಿರುವ 388ನೆಯ ವರ್ಷವನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಆದರೆ ಲಿಪಿಯ ರೂಪ ಅದಕ್ಕಿಂತ ಹಲವು ಶತಮಾನ ಈಚಿನದು. ಅಲ್ಲಿ ಬರುವ ಅಕಾಲವರ್ಷ ಪೃಥುವೀವಲ್ಲಭನೆಂಬ ಬಿರುದು ಸಹ ಮುಂದೆ ಬಂದ ರಾಷ್ಟ್ರಕೂಟರ ಕಾಲವನ್ನು ನೆನಪಿಸುವಂಥದು. ಹಳೆಯ ನಿಜಶಾಸನದ ಈಚಿನ ಪ್ರತಿ ಇದಾಗಿರಬಹುದೆಂದು ವಾದಿಸುವವರೂ ಇದ್ದಾರೆ. ತೀರ್ಮಾನ ಏನೇ ಇರಲಿ, ದಾನ ಜಿನಾಲಯದ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಪರೀಕ್ಷೆಯನ್ನು ಬಿಡುವಂತಿಲ್ಲ. ಮನಸ್ಸಿಗೆ ಹಿತವಾದ ಬರಹವನ್ನೇ ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕು ಎಂಬುದು ಈ ಚರ್ಚೆಯಿಂದ ದೊರೆಯುವ ಪಾಠ.

ಈ ಪಾಠವನ್ನು ಇಂದು ನೆನೆಯಬೇಕಾಗಿರುವುದಕ್ಕೆ ಕಾರಣವಿದೆ. ಕಥೆ, ಕವಿತೆ, ಊರಿನ ಇತಿಹಾಸ, ಸಂಶೋಧನ ಪ್ರಬಂಧ ಬರೆದಿಟ್ಟುಕೊಂಡು ಅಚ್ಚಿನ ಮುಖ ಕಾಣಲು ಹಂಬಲಿಸುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ನಿವೃತ್ತ ಉಪಾಧ್ಯಾಯರು, ಗುಮಾಸ್ತರು, ಗೃಹಿಣಿಯರು, ಕಾಲೇಜಿನ ವಿದ್ಯಾರ್ಥಿಗಳು ಅವರಲ್ಲಿ ಸೇರಿದ್ದಾರೆ. ಅವರ ಹಂಬಲವನ್ನೇ ಬಂಡವಾಳ ಮಾಡಿಕೊಂಡು ಪ್ರಕಾಶಕರೆಂಬ ಹೆಸರಿನಲ್ಲಿ ಹಣ ಕೀಳುವ ವ್ಯವಹಾರ ಈಗ ಜಗತ್ತಿನಾದ್ಯಂತ ನಡೆದಿದೆ. ಕೊಳ್ಳೇಗಾಲ 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಸೀಮೆ. ಹನೂರು ಈಚೆಗೆ ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾಯಿತು. ದೊಡ್ಡ ಪ್ರಕಾಶನ ಕೇಂದ್ರಗಳಾದ ಮೈಸೂರು, ಬೆಂಗಳೂರು, ಧಾರವಾಡಗಳು ಇಲ್ಲಿಯ ಲೇಖಕನಿಗೆ ಹೊರಗಿನ ಊರುಗಳು. ಹಸ್ತಪ್ರತಿ ಕಾಣದ ಕೈಗೆ ಹೋಗಬೇಕು. ಈಗಂತೂ ಅದು ದೂರವಾಣಿಯ ಒಂದು ಸಂದೇಶವನ್ನು ನಂಬಿ ಹೊರಟುಬಿಡುತ್ತದೆ.

ಮೋಸವನ್ನು ಗುರುತಿಸಲು ಮೊದಲು ಸರಿಯಾದ ವ್ಯವಹಾರ ಹೇಗಿತ್ತೆಂಬುದನ್ನು ತಿಳಿಯಬೇಕು. ರನ್ನನು 993ರಲ್ಲಿ ರಚಿಸಿದ ಅಜಿತಪುರಾಣಕ್ಕೆ ಆಶ್ರಯ ಕೊಟ್ಟ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ತಾಳೆಯ ಓಲೆ, ಕಂಠ, ಲಿಪಿಕಾರನ ಊಟ, ಸಂಭಾವನೆ ಇವೆಲ್ಲವೂ ದಾನಿಯ ಖರ್ಚು. ಗ್ರಂಥ ಉಳಿಯಬೇಕೆಂದು ಬಯಸಿದವರು ಹಣ ಕೊಟ್ಟರು, ಬರೆದವರು ಪಡೆದರು. ಶಾಸ್ತ್ರದಾನವೆಂದರೆ ಇದೇ. ಚಿಕದೇವರಾಜ ಒಡೆಯರ (1673–1704) ಕಾಲದಲ್ಲಿ ಯಳಂದೂರಿನ ಹೊನ್ನಮ್ಮ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದವಳು. ಅವಳು ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದ್ದು ರಾಣಿವಾಸದ ಪ್ರೋತ್ಸಾಹದಿಂದ. ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತನು ಅದೇ ಅರಸರ ಮಂತ್ರಿಯಾಗಿದ್ದನು. ‘ರಾಜಶೇಖರ ವಿಳಾಸ’ದ ಕವಿ ಷಡಕ್ಷರದೇವನಿಗೂ ಯಳಂದೂರಿನ ಮಠವೇ ನೆಲೆಯಾಗಿತ್ತು. ಊಳಿಗದ ಹೆಣ್ಣುಮಗಳಾಗಲಿ, ಮಠದ ಸ್ವಾಮಿಯಾಗಲಿ, ಬರೆದವರು ತಮ್ಮ ಕಾವ್ಯ ಲೋಕಕ್ಕೆ ತಲುಪಲು ಶುಲ್ಕ ತೆರುವ ಪದ್ಧತಿ ಇರಲಿಲ್ಲ. ಹನೂರಿನ ಕಡೆ ಮಲೆಯ ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರಿಗೂ ಕೇಳುವವರೇ ಭಿಕ್ಷೆ ನೀಡುತ್ತಾರೆ. ಹಾಡುವವರು ಕೇಳುಗರಿಗೆ ಹಣ ಕೊಡುವುದಿಲ್ಲ.

ಮುದ್ರಣ ಬಂದ ಮೇಲೆಯೂ ಈ ಕ್ರಮ ಪೂರ್ತಿ ಬದಲಾಗಲಿಲ್ಲ. ಮೂಡಬಿದರೆಯ ಓಲೆಗರಿಗಳಲ್ಲಿ ಮಾತ್ರ ಉಳಿದಿದ್ದ ಧವಲಾ ಟೀಕೆಯನ್ನು ಹೀರಾಲಾಲ್ ಜೈನರು ಸಂಪಾದಿಸಿದಾಗ ಅದಕ್ಕೆ ಬೇಕಾದ ಧನ ದಾನಿಗಳ ನಿಧಿಯಿಂದ ಬಂದಿತು. ಮೊದಲ ಸಂಪುಟ 1939ರಲ್ಲಿ ಹೊರಬಂದಿತು. ಒಟ್ಟು 16 ಸಂಪುಟಗಳು ಪೂರ್ಣಗೊಳ್ಳಲು ಸುಮಾರು 20 ವರ್ಷ ಹಿಡಿಯಿತು. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡಿತು. ಎರಡು ಕಡೆಯೂ ಹಣ ಬಂದದ್ದು ಪುಸ್ತಕ ಬೇಕೆಂದವರಿಂದ.

ಹಾಗೆಂದು ಲೇಖಕನು ಸ್ವಂತ ಹಣದಿಂದ ಪುಸ್ತಕ ಅಚ್ಚು ಹಾಕಿಸುವುದು ಅವಮಾನವೇನೂ ಅಲ್ಲ. ಪಕ್ಕದ ನಂಜನಗೂಡಿನ ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ತಾವೇ ಆರಂಭಿಸಿ ತಮ್ಮ ಕಾದಂಬರಿಗಳನ್ನು ಪ್ರಕಟಿಸಿದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಇವರಲ್ಲಿ ಯಾರೂ ಮೋಸ ಹೋದವರಲ್ಲ. ಖರ್ಚು ಎಷ್ಟು, ಪ್ರತಿ ಎಷ್ಟು, ಹಕ್ಕು ಯಾರದು ಎಂಬುದು ಅವರಿಗೆ ತಿಳಿದಿತ್ತು. ಪ್ರತಿಗಳು ಅವರ ಮನೆಯಲ್ಲಿದ್ದವು. ಮಾರಿದ ಹಣ ಅವರ ಕೈಸೇರಿತು.

ಕೊಳ್ಳೇಗಾಲದ ರೇಷ್ಮೆ ವ್ಯಾಪಾರ ಬಲ್ಲವರಿಗೆ ಈ ಭೇದ ಸುಲಭವಾಗಿ ತಿಳಿಯುತ್ತದೆ. ಗೂಡು ಬೆಳೆದವನು ಮಾರುಕಟ್ಟೆಗೆ ತಂದರೆ ನೂಲು ಬಿಚ್ಚುವವನು ಹಣ ಕೊಟ್ಟು ಕೊಳ್ಳುತ್ತಾನೆ. ಬೆಳೆದವನೇ ಕೂಲಿ ಕೊಟ್ಟು ನೂಲು ಬಿಚ್ಚಿಸಿಕೊಂಡರೆ ನೂಲು ಅವನದಾಗುತ್ತದೆ. ಎರಡೂ ನ್ಯಾಯವಾದ ವ್ಯಾಪಾರಗಳು. ಆದರೆ ಕೂಲಿಯನ್ನೂ ತೆಗೆದುಕೊಂಡು, ನೂಲನ್ನೂ ತಾನೇ ಇಟ್ಟುಕೊಂಡು, ಮಾರಿ ಬಂದ ಲಾಭದಲ್ಲಿ ಪಾಲು ಕೊಡುತ್ತೇನೆಂದು ಬಾಯಿಮಾತು ಹೇಳುವವನಿಗೆ ಯಾರೂ ಗೂಡು ಒಪ್ಪಿಸುವುದಿಲ್ಲ. ಗೂಡಿನ ವಿಷಯದಲ್ಲಿ ಇಷ್ಟು ಜಾಣನಾದ ಮನುಷ್ಯ ಹಸ್ತಪ್ರತಿಯ ವಿಷಯದಲ್ಲಿ ಏಕೆ ಮರುಳಾಗುತ್ತಾನೆ ಎಂಬುದೇ ವಿಚಾರಿಸಬೇಕಾದ ವಿಷಯ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸಿದ್ದಾರೆ. ಸತ್ಯವ್ರತದ ಅತಿಚಾರಗಳಲ್ಲಿ ಸುಳ್ಳು ದಸ್ತಾವೇಜು ಬರೆಯುವ ಕೂಟಲೇಖಕ್ರಿಯೆಯೂ, ನಂಬಿ ಇಟ್ಟ ಒಡವೆಯನ್ನು ನುಂಗುವ ನ್ಯಾಸಾಪಹಾರವೂ ಸೇರಿವೆ. ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದು ಪ್ರತಿರೂಪಕ ವ್ಯವಹಾರ. ಎಂದರೆ, ಒಂದರಂತೆ ಕಾಣುವ ಮತ್ತೊಂದನ್ನು ಅದೇ ಎಂದು ದಾಟಿಸುವುದು. ಮೋಸದ ಪ್ರಕಾಶನವನ್ನು ವರ್ಣಿಸಲು ಇವುಗಳಿಗಿಂತ ತಕ್ಕ ಮಾತುಗಳು ಸಿಗುವುದು ಕಷ್ಟ. ಹಸ್ತಪ್ರತಿ ಲೇಖಕನು ನಂಬಿ ಇಟ್ಟ ನ್ಯಾಸ. ಕೂಲಿಗೆ ಅಚ್ಚು ಹಾಕುವುದು ತಪ್ಪಲ್ಲ. ಕೂಲಿಯ ಮುದ್ರಕನು ಆಯ್ದು ಪ್ರಕಟಿಸುವ ಪ್ರಕಾಶಕನಂತೆ ವೇಷ ಹಾಕುವುದೇ ಪ್ರತಿರೂಪಕ ವ್ಯವಹಾರ.

ಈ ವೇಷವನ್ನು ಬಯಲು ಮಾಡಿದ ಒಂದು ಪ್ರಸಂಗ ಅಮೆರಿಕದಲ್ಲಿ ನಡೆಯಿತು. ಪಬ್ಲಿಷ್‌ಅಮೆರಿಕ ಎಂಬ ಸಂಸ್ಥೆ ತಾನು ಯೋಗ್ಯತೆ ನೋಡಿ ಆರಿಸುವ ಪ್ರಕಾಶಕನೆಂದು ಹೇಳಿಕೊಳ್ಳುತ್ತಿತ್ತು. ಕೆಲವು ಲೇಖಕರು ಸೇರಿ ಬೇಕೆಂದೇ ಅತಿ ಕೆಟ್ಟ ಕಾದಂಬರಿಯೊಂದನ್ನು ಬರೆದರು. ‘ಅಟ್ಲಾಂಟಾ ನೈಟ್ಸ್’ ಎಂಬ ಅದರಲ್ಲಿ ಒಂದು ಅಧ್ಯಾಯವೇ ಇರಲಿಲ್ಲ. ಎರಡು ಅಧ್ಯಾಯಗಳು ಅಕ್ಷರಶಃ ಒಂದೇ ಆಗಿದ್ದವು. ಇನ್ನೊಂದನ್ನು ಗಣಕಯಂತ್ರದಿಂದ ಅರ್ಥವಿಲ್ಲದಂತೆ ಹೊಸೆಯಲಾಗಿತ್ತು. 2004ರ ಡಿಸೆಂಬರಿನಲ್ಲಿ ಆ ಸಂಸ್ಥೆ ಅದನ್ನು ಸ್ವೀಕರಿಸಿತು. 2005ರ ಜನವರಿಯಲ್ಲಿ ಲೇಖಕರು ಗುಟ್ಟು ಹೊರಗೆಡಹಿದ ಮೇಲೆ ಸ್ವೀಕೃತಿಯನ್ನು ಹಿಂತೆಗೆದುಕೊಂಡಿತು. ಎಲ್ಲವನ್ನೂ ಒಪ್ಪುವವನ ಒಪ್ಪಿಗೆಗೆ ಬೆಲೆ ಇಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿದ್ವತ್ ಪತ್ರಿಕೆಗಳ ಕ್ಷೇತ್ರವೂ ಇದರಿಂದ ಹೊರತಾಗಿಲ್ಲ. ಹೈದರಾಬಾದಿನ ಒಮಿಕ್ಸ್ ಸಮೂಹವು ಲೇಖನಗಳಿಗೆ ವಿದ್ವಾಂಸರ ಪರಿಶೀಲನೆ ಇದೆಯೆಂದು ಸುಳ್ಳು ಹೇಳಿ, ಶುಲ್ಕವನ್ನು ಮರೆಮಾಚಿತೆಂದು ಅಮೆರಿಕದ ವ್ಯಾಪಾರ ಆಯೋಗ ದೂರು ಹೂಡಿತು. 2019ರಲ್ಲಿ ಅಲ್ಲಿಯ ನ್ಯಾಯಾಲಯ 5 ಕೋಟಿ ಡಾಲರಿಗೂ ಮೀರಿದ ಮೊತ್ತ ತೆರಬೇಕೆಂದು ಆದೇಶಿಸಿತು. ಭಾರತದ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ತನ್ನ ಅಂಗೀಕೃತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಬಿರುದುಗಳ ವ್ಯಾಪಾರವೂ ಇದರ ಸೋದರನೇ. 2020ರ ಸೆಪ್ಟೆಂಬರಿನಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ನಕಲಿ ಗೌರವ ಡಾಕ್ಟರೇಟುಗಳನ್ನು ಹಂಚುವ ಸಮಾರಂಭದ ಮೇಲೆ ಪೊಲೀಸರು ದಾಳಿ ನಡೆಸಿದರು. ಪದವಿಯನ್ನು ಪಡೆಯಲು ಬಂದವರೂ ಅಲ್ಲಿ ನೆರೆದಿದ್ದರೆಂಬುದು ಯೋಚಿಸತಕ್ಕ ಸಂಗತಿ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಶಾಸನತಜ್ಞರು ತಾಮ್ರಪಟವನ್ನು ಪರೀಕ್ಷಿಸುವ ಕ್ರಮವನ್ನೇ ಇಲ್ಲಿಯೂ ಅನುಸರಿಸಬಹುದು.

ಮೊದಲನೆಯದು, ದಾನಿ ಯಾರು, ದಾನ ಪಡೆದವನು ಯಾರು ಎಂಬ ಪ್ರಶ್ನೆ. ಪ್ರಕಾಶಕನ ಜೀವನ ಯಾರ ಹಣದಿಂದ ನಡೆಯುತ್ತದೆ ಎಂದು ಕೇಳಬೇಕು. ಒಂದು ಉದಾಹರಣೆಯ ಲೆಕ್ಕ ನೋಡಬಹುದು. 500 ಪ್ರತಿಗಳ ಮುದ್ರಣಕ್ಕೆ 35,000 ರೂಪಾಯಿ ತಗಲುವಲ್ಲಿ ಲೇಖಕನಿಂದ 50,000 ರೂಪಾಯಿ ಪಡೆದರೆ ಒಂದು ಪ್ರತಿಯೂ ಮಾರಾಟವಾಗುವ ಮೊದಲೇ ಪ್ರಕಾಶಕನಿಗೆ 15,000 ರೂಪಾಯಿ ಲಾಭ ಬಂದಿರುತ್ತದೆ. ಮುಂದೆ ಅವನು ಅಂಗಡಿಗಳನ್ನು ಏಕೆ ಸುತ್ತಬೇಕು? ಪುಸ್ತಕ ಮಾರಾಟವಾದರೆ ಮಾತ್ರ ಲಾಭ ಕಾಣುವವನು ಮಾರಲು ಶ್ರಮಿಸುತ್ತಾನೆ. ಲೇಖಕನೇ ಇಂತಿಷ್ಟು ಪ್ರತಿ ಕೊಳ್ಳಬೇಕೆಂಬ ಷರತ್ತು, ಕವನ ಸಂಕಲನದಲ್ಲಿ ಪುಟಕ್ಕಿಷ್ಟು ಹಣ, ಪ್ರಶಸ್ತಿಗೆ ನೋಂದಣಿ ಶುಲ್ಕ ಇವೆಲ್ಲವೂ ಇದೇ ಲೆಕ್ಕದ ಬೇರೆ ಬೇರೆ ರೂಪಗಳು.

ಎರಡನೆಯದು, ಲಿಪಿಯ ಪರೀಕ್ಷೆ. ಹಸ್ತಪ್ರತಿಗಳನ್ನು ಕದಿಯಲು ಪ್ರಕಾಶಕರ ವೇಷ ಹಾಕಿದ ಇಟಲಿಯ ಫಿಲಿಪ್ಪೋ ಬರ್ನಾರ್ಡಿನಿ 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು. ಹೆಸರಾಂತ ಸಂಸ್ಥೆಗಳ ಮಿಂಚಂಚೆ ವಿಳಾಸದಲ್ಲಿ ಇಂಗ್ಲಿಷಿನ ‘ಎಂ’ ಅಕ್ಷರದ ಬದಲು ‘ಆರ್’ ಮತ್ತು ‘ಎನ್’ ಸಣ್ಣಕ್ಷರಗಳನ್ನು ಜೋಡಿಸಿ ಕಣ್ಣಿಗೆ ಒಂದೇ ಎಂದು ಕಾಣಿಸುವುದು ಅವನ ಉಪಾಯಗಳಲ್ಲಿ ಒಂದು. ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳು ಹೀಗೆ ಅವನ ಪಾಲಾದವು. ದೊಡ್ಡ ಸಂಸ್ಥೆಯಿಂದ ಪತ್ರ ಬಂದರೆ, ಪತ್ರದಲ್ಲಿರುವ ವಿಳಾಸಕ್ಕೆ ಉತ್ತರಿಸುವ ಮೊದಲು ಆ ಸಂಸ್ಥೆ ಪ್ರಕಟಿಸಿದ ಪುಸ್ತಕದಲ್ಲಿ ಅಚ್ಚಾಗಿರುವ ವಿಳಾಸವನ್ನು ವಿಚಾರಿಸುವುದು ಲೇಸು.

ಮೂರನೆಯದು, ಬಿರುದುಗಳ ಪರೀಕ್ಷೆ. ಕಾಲಕ್ಕೆ ಹೊಂದದ ಬಿರುದು ತಾಮ್ರಪಟದ ಗುಟ್ಟನ್ನು ಹೇಗೆ ಬಿಡುತ್ತದೆಯೋ, ಅಳತೆ ಮೀರಿದ ಹೊಗಳಿಕೆಯೂ ಹಾಗೆಯೇ. ಓದಿದವನು ಒಂದಾದರೂ ದೋಷವನ್ನು ತೋರಿಸುತ್ತಾನೆ. ಓದದವನು ಮಾತ್ರ ಎಲ್ಲವನ್ನೂ ಹೊಗಳುತ್ತಾನೆ. ಐ.ಎಸ್.ಬಿ.ಎನ್. ಸಂಖ್ಯೆ ಕೊಡಿಸುತ್ತೇವೆಂದು ದೊಡ್ಡ ಮೊತ್ತ ಕೇಳುವವರಿದ್ದಾರೆ. ಭಾರತದಲ್ಲಿ ಆ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ಸಂಸ್ಥೆ ಲೇಖಕರಿಗೂ ಪ್ರಕಾಶಕರಿಗೂ ಉಚಿತವಾಗಿ ನೀಡುತ್ತದೆ. ಅದು ಪುಸ್ತಕದ ಗುರುತಿನ ಸಂಖ್ಯೆ ಮಾತ್ರ; ಯೋಗ್ಯತೆಯ ಮುದ್ರೆಯಲ್ಲ. ಸರ್ಕಾರದ ಗ್ರಂಥಾಲಯಗಳ ಸಗಟು ಖರೀದಿಗೆ ಪುಸ್ತಕ ಖಂಡಿತ ಆಯ್ಕೆಯಾಗುವಂತೆ ಮಾಡುತ್ತೇನೆ ಎಂಬ ಭರವಸೆಯನ್ನೂ ನಂಬಬಾರದು.

ನಾಲ್ಕನೆಯದು ಎಲ್ಲೆ. ಭೂಮಿಯ ದಾನಶಾಸನಗಳು ಸಾಮಾನ್ಯವಾಗಿ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುತ್ತವೆ. ಕರಾರುಪತ್ರವೂ ಹಾಗಿರಬೇಕು. 1957ರ ಕೃತಿಸ್ವಾಮ್ಯ ಅಧಿನಿಯಮದ 19ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು; ಅದಕ್ಕೆ ಲೇಖಕನ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದನ್ನು ನಮೂದಿಸಬೇಕು. ಅವಧಿ ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ತಿಳಿಯಬೇಕು. ಬೇರೆ ಕರಾರಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದವನ ಹಕ್ಕು ಬಿದ್ದುಹೋಗುತ್ತದೆ. ಕೃತಿಸ್ವಾಮ್ಯವು ಲೇಖಕನ ಆಯುಷ್ಯವಿಡೀ ಮತ್ತು ಅನಂತರ 60 ವರ್ಷ ಇರುತ್ತದೆ. ಸಕಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕನಿಗೆ ಎಂಬ ಒಂದು ಸಾಲಿಗೆ ಸಹಿ ಹಾಕುವವನು ಮಕ್ಕಳ ಪಾಲನ್ನೂ ಬರೆದುಕೊಟ್ಟಂತೆ.

ಐದನೆಯದು ಸಾಕ್ಷಿ. ಆ ಪ್ರಕಾಶಕನ ಹಿಂದಿನ ಪುಸ್ತಕಗಳು ಮೈಸೂರಿನ ಅಂಗಡಿಗಳಲ್ಲಿ ಸಿಗುತ್ತವೆಯೇ, ಅವನಲ್ಲಿ ಪ್ರಕಟಿಸಿದ ಇಬ್ಬರು ಲೇಖಕರಿಗೆ ಲೆಕ್ಕ ಸಿಕ್ಕಿದೆಯೇ ಎಂದು ಕೇಳುವುದಕ್ಕೆ ನಾಚಬೇಕಾಗಿಲ್ಲ. ಹೆಣ್ಣು ಗಂಡು ಕೊಟ್ಟು ತರುವಾಗ ಮನೆತನ ವಿಚಾರಿಸುವ ಜನ ಹಸ್ತಪ್ರತಿಯನ್ನು ಅಪರಿಚಿತನಿಗೆ ಧಾರೆಯೆರೆಯಬಾರದು.

ಅವಸರ ಮಾಡಿಸುವುದು ಈ ಎಲ್ಲ ಮೋಸಗಳ ಸಾಮಾನ್ಯ ಲಕ್ಷಣ. ಮುಂದಿನ ವಾರದೊಳಗೆ ಹಣ ಕಟ್ಟಿದರೆ ಮಾತ್ರ ಎಂಬ ಮಾತು ಕೇಳಿದ ಕೂಡಲೇ ನಿಲ್ಲಬೇಕು. ಕನಕಗಿರಿಯ ದೇವಚಂದ್ರನು ಕರ್ನಲ್ ಮೆಕೆಂಜಿಗೆ ಇತಿಹಾಸದ ಸಾಮಗ್ರಿ ಒದಗಿಸಿದವನು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅವನು ಬರೆದ ‘ರಾಜಾವಳಿ ಕಥೆ’ ಪೂರ್ಣವಾಗಿ ಅಚ್ಚಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಆದರೂ ವಿದ್ವಾಂಸರು ಅದನ್ನು ಹುಡುಕಿಕೊಂಡು ಹೋಗಿ ಓದಿದರು. ತಡವಾದ ಪುಸ್ತಕ ಸಾಯುವುದಿಲ್ಲ.

ಒಮ್ಮೆ ಮೋಸ ಹೋದವನನ್ನು ಮತ್ತೆ ಹುಡುಕಿಕೊಂಡು ಬರುವುದೂ ಉಂಟು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಪೇಜ್‌ಟರ್ನರ್ ಎಂಬ ಸಂಸ್ಥೆಗೆ ಸಂಬಂಧಿಸಿದವರ ಮೇಲೆ ಈಚೆಗೆ ದಾಖಲಾದ ಆರೋಪಪಟ್ಟಿಯ ಪ್ರಕಾರ, ದೊಡ್ಡ ಪ್ರಕಾಶಕರೂ ಚಲನಚಿತ್ರ ಸಂಸ್ಥೆಗಳೂ ಪುಸ್ತಕವನ್ನು ಬಯಸಿವೆಯೆಂದು ನಂಬಿಸಿ, ಮೊದಲು ತೆರಿಗೆ, ಶುಲ್ಕ ಕಟ್ಟಬೇಕೆಂದು 800ಕ್ಕೂ ಹೆಚ್ಚು ಲೇಖಕರಿಂದ 4.4 ಕೋಟಿ ಡಾಲರ್ ಪಡೆಯಲಾಗಿದೆ. ಅವರಲ್ಲಿ ಬಹಳ ಮಂದಿ ವೃದ್ಧರು. ಕಳೆದದ್ದನ್ನು ಮರಳಿ ಪಡೆಯಲು ಮತ್ತೆ ಹಣ ಹಾಕಬಾರದು. ದೂರವಾಣಿ, ಅಂತರಜಾಲದ ಮೂಲಕ ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ಹಣ ಪಡೆದು ಒಪ್ಪಿದ ಕೆಲಸ ಮಾಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಅದಕ್ಕಾಗಿ ಪತ್ರ, ರಸೀದಿ, ಸಂದೇಶ ಎಲ್ಲವನ್ನೂ ಕಾಪಾಡಿಕೊಳ್ಳಬೇಕು.

ಮೋಸಗಾರನು ಮಾರುವುದು ಪುಸ್ತಕವನ್ನಲ್ಲ, ಕೀರ್ತಿಯ ಭರವಸೆಯನ್ನು. ಕೊಳ್ಳುವವನಲ್ಲಿ ಮಾನಕಷಾಯ ಇರುವುದರಿಂದಲೇ ಆ ಸರಕು ಬಿಕರಿಯಾಗುತ್ತದೆ. ಆದರೆ ಮೋಸ ಹೋದವನನ್ನು ನಗುವುದು ಧರ್ಮವಲ್ಲ. ಒಬ್ಬ ನಿವೃತ್ತ ಉಪಾಧ್ಯಾಯನು ಉಳಿತಾಯದ ಹಣವನ್ನು ಅಪರಿಚಿತನಿಗೆ ಕಳಿಸುವುದು ಹತ್ತಿರದವರು ಯಾರೂ ಅವನ ಬರಹವನ್ನು ಓದದೆ ಇದ್ದಾಗ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸುತ್ತ ಬಂದಿದೆ. ಅಂಥ ಅವಕಾಶಗಳನ್ನು ತಿಳಿಸಿ ಹೇಳುವವರಾದರೂ ಊರಿನಲ್ಲಿ ಇರಬೇಕು. ಪ್ರತಿಷ್ಠೆ, ಪಂಚಕಲ್ಯಾಣಗಳಿಗೆ ಉದಾರವಾಗಿ ಕೊಡುವ ಶ್ರಾವಕರು ಪರ್ವದ ದಿನಗಳಲ್ಲಿ ಊರಿನ ಒಂದು ಹಸ್ತಪ್ರತಿಯನ್ನು ಓದಿ ತಿದ್ದಿಸಿ, ಯೋಗ್ಯವಾದುದಾದರೆ 100 ಪ್ರತಿಗಳನ್ನು ಮುಂಗಡವಾಗಿ ಕೊಳ್ಳಬಹುದು. ಅತ್ತಿಮಬ್ಬೆಯ ಸಾವಿರಕ್ಕೆ ಅದು ಸಮವಲ್ಲ; ಆದರೆ ಅದೂ ಶಾಸ್ತ್ರದಾನವೇ. ಹತ್ತಿರದಲ್ಲಿ ಓದುಗರಿರುವ ಲೇಖಕನನ್ನು ದೂರದ ಹೊಗಳಿಕೆ ಅಷ್ಟು ಸುಲಭವಾಗಿ ಮರುಳು ಮಾಡಲಾರದು.